ಪಾಠ 9: ಬ್ಯಾಸಿಗಿಗೊಂದು ಕಾದಂಬರಿ

ಬ್ಯಾಸಿಗಿ ಬಂತು. ಕಪನೂರಿನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲು. ನೆರಳಲ್ಲಿ ಕುಳಿತು ಏನು ಮಾಡೋಣ? ಕಾದಂಬರಿ ಓದೋಣ.

“ನಾವು ಈಗ ಅಕ್ಷರ ಕಲ್ತೀವಿ. ದೊಡ್ಡ ಪುಸ್ತಕ ನಮಗ್ಯಾಕ್ರಿ?” ಎನ್ನಬೇಡಿ. ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ಇಯತ್ತೆ. ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ! ಕಳ್ಳ ಯಾರು? ಕೊಲೆಗಾರ ಯಾರು? ತಿಳಿಯುವ ತನಕ ಪುಸ್ತಕ ಕೆಳಗಿಡಲು ಮನಸ್ಸಾಗದು.

ಪ್ರೀತಿ, ಸಂಸಾರದ ಕಥೆ ಬೇಕೇ? ತ್ರಿವೇಣಿಯವರ ‘ಶರಪಂಜರ’ ಓದಿ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತದೆ. ಗುಣವಾಗಿ ಮನೆಗೆ ಬರುತ್ತಾಳೆ. ಆದರೂ ಜನ ಅವಳನ್ನು ಹುಚ್ಚಿಯಂತೆಯೇ ಕಾಣುತ್ತಾರೆ. ತಪ್ಪು ಯಾರದು? 1971ರಲ್ಲಿ ಇದು ಸಿನಿಮಾ ಆಯಿತು.

ರಾಜರ ಕಥೆ ಬೇಕೇ? ತ.ರಾ.ಸು. ಅವರ ‘ದುರ್ಗಾಸ್ತಮಾನ’ ಇದೆ. 1779ರಲ್ಲಿ ಹೈದರಾಲಿಗೆ ಸೋತ ಚಿತ್ರದುರ್ಗದ ಮದಕರಿ ನಾಯಕನ ಕಥೆ. ಪುಸ್ತಕ ದಪ್ಪ. ಅವಸರ ಬೇಡ.

ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಇಂದು ಗ್ರಂಥಾಲಯಕ್ಕೆ ಹೋದರೆ ಪುಸ್ತಕ ಸಿಗುತ್ತದೆ. ಕೇಳಲು ನಾಚಿಕೆ ಬೇಡ.

ಓದುವುದು ಹೇಗೆ?
1. ದಿನಕ್ಕೆ ಎರಡೇ ಪುಟ ಸಾಕು.
2. ಕಠಿಣ ಶಬ್ದ ಬಂದರೆ ನಿಲ್ಲಬೇಡಿ. ಗೆರೆ ಎಳೆಯದೆ ಚೀಟಿಯಲ್ಲಿ ಬರೆದಿಡಿ.
3. ಒಬ್ಬರು ಗಟ್ಟಿಯಾಗಿ ಓದಿ, ನಾಲ್ವರು ಕೇಳಿ.

ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಓದದಿದ್ದರೆ ಕಲಿತ ಅಕ್ಷರವೂ ಮರೆಯುತ್ತದೆ. ಮತ್ತೆ ಹೆಬ್ಬೆಟ್ಟು ಒತ್ತುವ ದಿನ ಬರಬಾರದು. ಅದಕ್ಕೇ ಓದ್ರಿ, ಓದಿಸ್ರಿ.

ಹೊಸ ಶಬ್ದ
ಪತ್ತೇದಾರಿ – ಅಪರಾಧಿಯನ್ನು ಹುಡುಕುವ
ಅಸ್ತಮಾನ – ಮುಳುಗುವುದು

ಉತ್ತರ ಬರೆಯಿರಿ
1. ನರಸಿಂಹಯ್ಯ ಎಷ್ಟು ಓದಿದ್ದರು?
2. ಕಾವೇರಿಗೆ ಜನ ಮಾಡಿದ್ದು ಸರಿಯೇ? ಯಾಕೆ?
3. ನೀವು ಮೊದಲು ಯಾವ ಪುಸ್ತಕ ತರುವಿರಿ?