ಮೂರನೇ ಗುಹೆಯಲ್ಲಿ ಹತ್ತು ನಿಮಿಷ

ಬಾದಾಮಿಗೆ ಹೋದವರು ಗುಹೆ ಮುಂದೆ ಫೋಟೋ ತೆಗೆಸ್ಕೊಂಡು, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಸಂಜೆ ಬಸ್ಸಿಗೆ ವಾಪಸ್ ಬರ್ತಾರೆ. ಮುಂದಿನ ಸಲ ಹೋದಾಗ ಮೂರನೇ ಗುಹೆಯಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲಿ. (ತಿಂಡಿ ಬ್ಯಾಗಿನೊಳಗೇ ಇರಲಿ, ಮಂಗಗಳು ಬಿಡೋದಿಲ್ಲ.)

ನಾಲ್ಕು ಗುಹೆಗಳಲ್ಲಿ ಕಟ್ಟಿದ ವರ್ಷ ಬರೆದಿರೋದು ಇದೊಂದರಲ್ಲೇ. ಅಲ್ಲಿನ ಸಂಸ್ಕೃತ ಶಾಸನದಲ್ಲಿ ಎರಡು ಸಂಖ್ಯೆ ಇವೆ: ಶಕ ವರ್ಷ 500, ಮತ್ತು ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅವನು ಪಟ್ಟಕ್ಕೆ ಬಂದದ್ದು 566-67ರ ಸುಮಾರಿಗೆ. ಗುಹೆಯ ಲೆಕ್ಕ ಮಾಡೋಕೆ ಹೋದರೆ ರಾಜನ ಲೆಕ್ಕವೂ ಸಿಕ್ಕಿತು ನೋಡ್ರಿ! ಉಳಿದ ಗುಹೆಗಳ ಕಾಲವನ್ನು ಇದರ ಶಿಲ್ಪದ ಜೊತೆ ಹೋಲಿಸಿಯೇ ಅಂದಾಜು ಮಾಡ್ತಾರೆ. ನಮ್ಮ ಲ್ಯಾಬಿನ ಮಾತಲ್ಲಿ ಇದು ರೆಫರೆನ್ಸ್ ಪಾಯಿಂಟ್.

ಕೆರೆಯಾಚೆ ಉತ್ತರದ ಬೆಟ್ಟದಲ್ಲಿ ಒಂದನೇ ಪುಲಕೇಶಿಯ ಶಾಸನ ಇದೆ. ವಾತಾಪಿಯನ್ನು ಕೋಟೆ ಮಾಡಿದ್ದು ಶಕ 465ರಲ್ಲಿ ಅಂತ. ಈ ಲೆಕ್ಕ ನೀವೇ ಮಾಡಿ.

ನನಗೆ ಹೆಚ್ಚು ಹಿಡಿಸಿದ್ದು ಮೂರನೇ ಗುಹೆಯ ಪುಟ್ಟ ಕನ್ನಡ ಶಾಸನ. ಮಂಗಳೇಶ ಲಂಜಿಗೇಸರ ಎಂಬ ಊರನ್ನು ದತ್ತಿ ಕೊಟ್ಟ ಸುದ್ದಿ ಅದು. ದೇವರಿಗೆ ಹೂಮಾಲೆ ಕಟ್ಟುವವರ ಹೆಸರೂ ಬರುತ್ತೆ. ನಾವು 'ಕೇವ್ ತ್ರೀ' ಅನ್ನೋ ಜಾಗವನ್ನು ಅದರಲ್ಲಿ ಕಲ್ಮನೆ ಅಂದಿದ್ದಾರೆ. ಗುಹೆ ಅನ್ನೋದಕ್ಕಿಂತ ಇದೇ ಸರಿ. ಗುಹೆ ತಾನಾಗೇ ಆಗುತ್ತೆ, ಇಲ್ಲಿ ಕಲ್ಲು ತೆಗೆದು ತೆಗೆದು ಮನೆ ಮಾಡಿದ್ದಾರೆ.

ಅಕ್ಷರ ಮುಟ್ಟಬೇಡಿ, ಮರಳುಗಲ್ಲು ಸವೆಯುತ್ತೆ. ಬೆಳಕು ಪಕ್ಕದಿಂದ ಬಿದ್ದಾಗ ನೋಡಿ, ನೆರಳಲ್ಲಿ ಸಾಲುಗಳು ಎದ್ದು ಕಾಣ್ತವೆ.