ಸಲಹೆ ಕೇಳಿ ಬಂದವರಿಗೆ ಅಂದೇ ಉತ್ತರ



ಸಂಘದ ಜಗಲಿಯಲ್ಲಿ, ಸಂತೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಕೂಡ ನಮ್ಮಲ್ಲಿ ಕೆಲವರನ್ನು ತಡೆದು ಕೇಳುವುದುಂಟು: "ಅಡಿಕೆ ಈಗ ಕೊಡಲೋ, ಇಡಲೋ?" "ಇನ್ನೊಂದು ಬೋರ್ ಕೊರೆಸಲೋ, ಬೇಡವೋ?" ನಗರಗಳಲ್ಲಿ ಹೀಗೆ ವ್ಯವಹಾರದ ಸಲಹೆ ಕೊಡುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅದು ಹಿರಿಯ ಬೆಳೆಗಾರರ, ಸಂಘದ ನಿರ್ದೇಶಕರ ಪುಕ್ಕಟೆ ಕೆಲಸ. ಹೊಣೆ ಮಾತ್ರ ಪುಕ್ಕಟೆಯಲ್ಲ.

ಹಿಂದೆ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿದರೆ ಮಾರುವ ಚಿಂತೆ ಮಂಡಳಿಯದಾಗಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಬಿಚ್ಚಿತು. ಅಂದಿನಿಂದ ಯಾವಾಗ, ಯಾರಿಗೆ, ಎಷ್ಟಕ್ಕೆ ಎಂಬ ತೀರ್ಮಾನ ಬೆಳೆಗಾರನದೇ. ಆದ್ದರಿಂದಲೇ ಅವನು ನಮ್ಮ ಬಳಿ ಬರುತ್ತಾನೆ. "ನೋಡೋಣ" ಎಂದು ಕಳುಹಿಸಿದರೆ ಅವನಿಗೆ ಹಂಗಾಮು ತಪ್ಪುತ್ತದೆ. ಬಾಯಿಗೆ ಬಂದದ್ದು ಹೇಳಿದರೆ ಮನೆ ಮುಳುಗುತ್ತದೆ.

ಬೇಗ ಹೇಳಬೇಕು, ಧೈರ್ಯವಾಗಿಯೂ ಹೇಳಬೇಕು ಎಂದಾದರೆ ಮೊದಲು ಎರಡು ಪ್ರಶ್ನೆ ಹಾಕಿಕೊಳ್ಳೋಣ. ತಡವಾದರೆ ನಷ್ಟವೆಷ್ಟು? ತಪ್ಪಾದರೆ ತಿದ್ದಲು ಬರುತ್ತದೆಯೇ?

1. ತಡವೇ ನಷ್ಟವಾದ ಕೆಲಸ

ತರೀಕೆರೆಯ ಮಲೆನಾಡು ಮಗ್ಗುಲಿನ ಅಡಿಕೆ ತೋಟಗಳಿಗೆ ಕೊಳೆರೋಗದ ಭಯ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು. "ಮಳೆ ಬಿಡುವು ಕೊಟ್ಟಿದೆ, ಎರಡನೇ ಸಲದ್ದು ಹೊಡೆಸಲೇ?" ಎಂದು ಕೇಳಿದರೆ ಉತ್ತರ "ಇಂದೇ". ಹೊಡೆಸಿದ್ದು ಅನವಶ್ಯಕವಾಗಿದ್ದರೆ ಹೋಗುವುದು ಒಂದು ಸಲದ ಕೂಲಿ, ಔಷಧಿ. ತಡವಾದರೆ ಹಸಿಕಾಯಿ ಬುಡದಲ್ಲಿ ಬಿದ್ದಿರುತ್ತದೆ. ಅರೇಬಿಕಾ ಗಿಡದಲ್ಲಿ ಬಿಳಿ ಕಾಂಡಕೊರಕ ಕಂಡರೂ ಹೀಗೆಯೇ. ಏಪ್ರಿಲ್‌ನಲ್ಲಿ ದುಂಬಿ ಹೊರಬರುವ ಮುನ್ನ ಗಿಡ ಕಿತ್ತು ಸುಡಿರಿ ಎನ್ನಲು ಯೋಚನೆ ಬೇಕಿಲ್ಲ.

2. ಅಷ್ಟಿಷ್ಟು ತಿದ್ದಬಹುದಾದ ಕೆಲಸ

ಮಾರಾಟ ಈ ಬಗೆಯದು. ಇಲ್ಲಿ ಲೆಕ್ಕ ಮೊದಲೇ ಬರೆದಿಟ್ಟಿರಬೇಕು. ಉದಾಹರಣೆಗೆ, ಒಂದು ಕ್ವಿಂಟಾಲ್ ಹಸಿಕಾಯಿಗೆ 12 ಕಿಲೋ ಕೆಂಪಡಿಕೆ ಎಂದು ಹಿಡಿಯೋಣ. ಕಿಲೋಗೆ 400 ರೂಪಾಯಿ ದರವಾದರೆ 4,800 ರೂಪಾಯಿ. ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವ ಖರ್ಚು 1,000 ರೂಪಾಯಿ ಕಳೆದರೆ ಉಳಿಯುವುದು 3,800. ಚೇಣಿದಾರ ಎಲ್ಲ ಖರ್ಚು ತನ್ನದೆಂದು 3,600 ಕೊಡುತ್ತೇನೆಂದರೆ, ಕ್ವಿಂಟಾಲಿಗೆ 200 ರೂಪಾಯಿ ಬಿಟ್ಟು ಆಳುಕಾಳಿನ ತಾಪತ್ರಯವನ್ನೂ ಮಳೆಯ ಅಂಜಿಕೆಯನ್ನೂ ಅವನಿಗೆ ದಾಟಿಸಿದಂತೆ. ಅದು ಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ದರ, ಖರ್ಚು ತೋಟತೋಟಕ್ಕೆ ಬೇರೆ. ಲೆಕ್ಕದ ದಾರಿ ಒಂದೇ. ಅದು ಕೈಯಲ್ಲಿದ್ದರೆ ಚೇಣಿದಾರ ಅಂಗಳದಲ್ಲಿ ನಿಂತಾಗ ಐದು ನಿಮಿಷ ಸಾಕು.

ಇಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ದರ ಏರೀತೆಂದು ಒಬ್ಬ ಸದಸ್ಯರಿಗೆ ಅಡಿಕೆ ಇಡಲು ಹೇಳಿದೆವು. ಅವರ ಸಾಲದ ವಾಯಿದೆ ಯಾವಾಗ ಎಂದು ಕೇಳಲಿಲ್ಲ. ದರ ಏರಲಿಲ್ಲ, ಬಡ್ಡಿ ಏರಿತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನಾಟಿತು. ಅಂದಿನಿಂದ ದರದ ಮಾತಿಗೆ ಮುನ್ನ "ಹಣ ಯಾವ ತಾರೀಖಿಗೆ ಬೇಕು?" ಎಂದು ಕೇಳುತ್ತೇವೆ. ಕಂತಿಗೂ ಕೂಲಿಗೂ ಬೇಕಾದಷ್ಟು ಮಾರಿ, ಉಳಿದದ್ದನ್ನು ಇಡಿರಿ ಎನ್ನುತ್ತೇವೆ.

3. ತಿದ್ದಲಾಗದ ಕೆಲಸ

ಕಡೂರು, ಅಜ್ಜಂಪುರದ ಬಯಲಿನಲ್ಲಿ ಬೇಸಿಗೆಯ ಪ್ರಶ್ನೆ ಕೊಳವೆಬಾವಿಯದು. ಗರಿ ಬಾಡುತ್ತಿರುವಾಗ ಮನಸ್ಸು ನಿಲ್ಲುವುದಿಲ್ಲ, ನಿಜ. ಆದರೆ ಬಾವಿ ಬತ್ತಿದರೂ ಸಾಲ ಬತ್ತುವುದಿಲ್ಲ. ಇಲ್ಲಿ ಅಂದೇ ಕೊಡಬೇಕಾದ ಉತ್ತರ 'ಹೌದು' ಅಲ್ಲ, 'ಇಲ್ಲ' ಅಲ್ಲ, ಒಂದು ಗಡುವು. "ಒಂದು ವಾರ ತಡೆಯಿರಿ. ಈಗಿರುವ ಬಾವಿಯ ನೀರಿಗೆ 200 ಲೀಟರಿನ ಡ್ರಮ್ ತುಂಬಲು ಎಷ್ಟು ನಿಮಿಷವೆಂದು ಅಳೆಯಿರಿ. ಸುತ್ತಲಿನವರು ಈಚೆಗೆ ಎಷ್ಟು ಅಡಿ ಕೊರೆಸಿದರು, ಎಷ್ಟು ಮಂದಿಗೆ ನೀರು ಬಂತು ಎಂದು ಕೇಳಿ ಬರೆದುಕೊಳ್ಳಿರಿ. ಅಲ್ಲಿಯವರೆಗೆ ಬುಡಕ್ಕೆ ಸೋಗೆ, ತರಗು ಮುಚ್ಚಿ, ಇರುವ ನೀರನ್ನು ಫಲ ಬಿಡುವ ಮರಗಳಿಗೆ ಮೊದಲು ಕೊಡಿರಿ." ಕೊನೆಗೆ ಒಂದು ಪ್ರಶ್ನೆ: "ನೀರು ಬಾರದಿದ್ದರೆ ಸಾಲ ಯಾವ ದುಡ್ಡಿನಿಂದ ತೀರುತ್ತದೆ?" ಇದಕ್ಕೆ ಮನೆಯವರೆಲ್ಲ ಕೂತು ಉತ್ತರ ಕೊಡಲಾಗದಿದ್ದರೆ, ಬೇಡವೆಂದು ಖಂಡಿತವಾಗಿ ಹೇಳುವುದೇ ನಮ್ಮ ಧರ್ಮ.

ಸಲಹೆ ಕೊಡುವವರು ಒಂದು ಪುಸ್ತಕವಿಡುವುದು ಒಳ್ಳೆಯದು. ತಾರೀಖು, ಹೇಳಿದ ಮಾತು, ಅದಕ್ಕೆ ಕಾರಣ, ಆಮೇಲೆ ಆದ ಫಲ — ನಾಲ್ಕೇ ಅಂಕಣ. ವರ್ಷಕ್ಕೊಮ್ಮೆ ತಿರುವಿದರೆ ನಾವು ಎಲ್ಲಿ ಗಟ್ಟಿ, ಎಲ್ಲಿ ಬರೀ ಮಾತಿನ ಮಲ್ಲರು ಎಂದು ತಿಳಿಯುತ್ತದೆ. ತಿಳಿಯದ್ದನ್ನು ತಿಳಿಯದೆಂದು ಹೇಳಿ, ಕಾಫಿ ಮಂಡಳಿಯ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಅಂದೇ ಕಳುಹಿಸುವುದೂ ಒಂದು ತೀರ್ಮಾನವೇ.

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದರು. ತೂರಲು ಗಾಳಿಯೊಂದೇ ಸಾಲದು. ಕಣದಲ್ಲಿ ಒಕ್ಕಿದ ರಾಶಿ ಮೊದಲೇ ಸಿದ್ಧವಿರಬೇಕು.