ಹೊಂಡದ ಮೀನುಗಳ ರೋಗಕ್ಕೆ ಔಷಧಸ್ನಾನ

ಮಳೆಗಾಲದಲ್ಲಿ ಹೊಂಡಕ್ಕೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಕೆಲವೇ ದಿನಗಳೊಳಗಾಗಿ ಬೆನ್ನಿನ ಮೇಲೆ ಬೂದುಬಣ್ಣದ ಮಚ್ಚೆ ತಳೆದು, ಈಜುರೆಕ್ಕೆಯ ಅಂಚು ಹರಿದು, ದಡದ ಬಳಿ ಮಂಕಾಗಿ ತೇಲುವುದನ್ನು ಮೀನು ಸಾಕುವ ಜಮೀನುದಾರರಲ್ಲಿ ಅನೇಕರು ಕಂಡಿರುತ್ತಾರೆ. ಆಗ ಅಂಗಡಿಯಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ತರಿಸಿ, ಬಾವಿಗೆ ಹಾಕುವಂತೆ ಒಂದೆರಡು ಹಿಡಿ ಎರಚಿ ಸುಮ್ಮನಾಗುವುದುಂಟು. ನೀರು ಸ್ವಲ್ಪ ಹೊತ್ತು ಕೆಂಪಾಗಿದ್ದು ಅನಂತರ ಕಂದುಬಣ್ಣಕ್ಕೆ ತಿರುಗುತ್ತದೆ. ಮರಿಗಳು ಸಾಯುವುದು ಮಾತ್ರ ನಿಲ್ಲುವುದಿಲ್ಲ. ಇಲ್ಲಿ ದೋಷವು ಔಷಧದ್ದಲ್ಲ, ಅದನ್ನು ಪ್ರಯೋಗಿಸಿದ ಕ್ರಮದ್ದು.

ಮೇಲೆ ಹೇಳಿದ ಲಕ್ಷಣಗಳು ಸಾಮಾನ್ಯವಾಗಿ ಕಾಲಮ್ನಾರಿಸ್ ಎಂಬ ರೋಗದವು. ಇದರ ಸೂಕ್ಷ್ಮಜೀವಿಯು ಮೊದಲು ಚರ್ಮ, ರೆಕ್ಕೆ, ಕಿವಿರುಗಳನ್ನು ಹಿಡಿಯುತ್ತದೆ. ಬಲೆಯಲ್ಲಿ ಉಜ್ಜಿಹೋದ, ಸಾಗಾಣಿಕೆಯಲ್ಲಿ ಬಳಲಿದ ಮರಿಗಳಿಗೆ, ಅದರಲ್ಲಿಯೂ ನೀರು ಬೆಚ್ಚಗಿರುವ ಕಾಲದಲ್ಲಿ, ಇದು ಬೇಗನೆ ತಗಲುತ್ತದೆ. ರೋಗವು ಇನ್ನೂ ಮೈಮೇಲೆಯೇ ಇರುವಾಗ ಔಷಧಸ್ನಾನವು ಚೆನ್ನಾಗಿ ಫಲ ಕೊಡುತ್ತದೆ. ಏರೊಮೊನಾಸ್ ಎಂಬ ಇನ್ನೊಂದು ಜಾತಿಯದರ ಸಂಗತಿ ಬೇರೆ. ಅದು ಹೊಂಡದ ನೀರಿನಲ್ಲಿ ಸದಾ ಇರತಕ್ಕದ್ದೇ. ಮೀನು ಬಲಗುಂದಿದಾಗ ರಕ್ತವನ್ನು ಸೇರುತ್ತದೆ. ಹೊಟ್ಟೆ ಉಬ್ಬಿ, ಹುರುಪೆಗಳು ನಿಮಿರಿ, ಕಣ್ಣುಗುಡ್ಡೆ ಮುಂದಕ್ಕೆ ಬಂದ ಜಲೋದರದ ಮೀನನ್ನು ಎಷ್ಟು ಸಲ ಸ್ನಾನ ಮಾಡಿಸಿದರೂ ಔಷಧವು ಒಳಗಿನ ಅಂಗಗಳನ್ನು ಮುಟ್ಟಲಾರದು. ಅಂತಹವನ್ನು ತೆಗೆದುಹಾಕುವುದೇ ಮೇಲು. ಇದಲ್ಲದೆ ಕೆಂಪು ಹುಣ್ಣುಗಳೆಲ್ಲವೂ ಬ್ಯಾಕ್ಟೀರಿಯಾದಿಂದಲೇ ಹುಟ್ಟುವುವೆಂದು ತಿಳಿಯಕೂಡದು. 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ದೇಶದಲ್ಲೆಲ್ಲ ಹರಡಿದ ಹುಣ್ಣುರೋಗಕ್ಕೆ ಮೂಲವು ಬೂಷ್ಟಿನಂತಹ ಒಂದು ಜೀವಿ. ಅಲ್ಲಿ ನಂಬತಕ್ಕದ್ದು ಸುಣ್ಣ ಮತ್ತು ಹೊಂಡದ ಶುಚಿತ್ವವನ್ನೇ ಹೊರತು ತೊಟ್ಟಿಯ ಸ್ನಾನವನ್ನಲ್ಲ.

ಸ್ನಾನಕ್ಕೆ ಅತ್ಯುತ್ತಮ ಸಮಯವೆಂದರೆ ಮರಿಗಳನ್ನು ಹೊಂಡಕ್ಕೆ ಬಿಡುವುದಕ್ಕೆ ಮುಂಚಿನ ಗಳಿಗೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ 100 ಲೀಟರ್ ತಿಳಿನೀರನ್ನು ಹಿಂದಿನ ದಿನವೇ ತುಂಬಿಸಿ ಗಾಳಿಯಾಡಲು ಬಿಡತಕ್ಕದ್ದು. ಅದಕ್ಕೆ 1 ಗ್ರಾಂ ಪರ್ಮಾಂಗನೇಟನ್ನು ಬೇರೆ ಪಾತ್ರೆಯಲ್ಲಿ ಪೂರ್ತಿಯಾಗಿ ಕರಗಿಸಿ ಬೆರಸತಕ್ಕದ್ದು. ಕರಗದ ಹರಳು ಮೀನಿನ ಕಿವಿರನ್ನು ಸುಡುತ್ತದೆ. 1 ಗ್ರಾಂ ಎಂಬುದು ಕಣ್ಣಂದಾಜಿಗೆ ಸಿಕ್ಕುವ ತೂಕವಲ್ಲವಾದುದರಿಂದ ಊರಿನ ಅಕ್ಕಸಾಲಿಗನ ತ್ರಾಸಿನಲ್ಲಿ ತೂಗಿಸುವುದು ಕ್ಷೇಮ. ಮೊದಲು ನಾಲ್ಕೈದು ಮರಿಗಳನ್ನು ಮಾತ್ರ ಬಿಟ್ಟು ನೋಡಿ, ಅವು ಸುಖವಾಗಿದ್ದರೆ ಉಳಿದವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಅರ್ಧ ಗಂಟೆ ಮೀರಕೂಡದು. ಮರಿಗಳು ಮೇಲೆ ಬಂದು ಬಾಯಿ ತೆರೆಯತೊಡಗಿದರೆ ಗಡಿಯಾರವನ್ನು ಕಾಯದೆ ತೆಗೆದು ಒಳ್ಳೆಯ ನೀರಿಗೆ ಬಿಡತಕ್ಕದ್ದು. ಹಿಂದಿನ ದಿನ ಮೇವು ಹಾಕಿರಬಾರದು.

ಪರ್ಮಾಂಗನೇಟ್ ದೊರೆಯದ ಊರಿನಲ್ಲಿ ಉಪ್ಪಾದರೂ ಇದ್ದೇ ಇರುತ್ತದೆ. 100 ಲೀಟರಿಗೆ 3 ಕಿಲೋ ಉಪ್ಪು ಕರಗಿಸಿ, ಮರಿಗಳನ್ನು ಬಲೆಯಲ್ಲಿಯೇ ಎರಡು ಮೂರು ನಿಮಿಷ ಅದ್ದಿ ತೆಗೆಯಬೇಕು. ಒಂದೆರಡು ಮರಿ ಮಗ್ಗುಲಾದ ಕೂಡಲೆ ಸ್ನಾನ ಮುಗಿಯಿತೆಂದು ತಿಳಿಯತಕ್ಕದ್ದು. ಯಾವ ಔಷಧವನ್ನಾಗಲಿ ಇನ್ನೊಂದರೊಡನೆ ಕೂಡಿಸುವುದು ಸಲ್ಲದು. ಪರ್ಮಾಂಗನೇಟನ್ನು ಫಾರ್ಮಾಲಿನ್‌ನೊಡನೆ ಸೇರಿಸುವುದಂತೂ ಅಪಾಯಕರ.

ರೋಗವು ಹೊಂಡದಲ್ಲಿಯೇ ಹಬ್ಬಿದ್ದರೆ ಹಿಡಿಲೆಕ್ಕವನ್ನು ಬಿಟ್ಟು ಅಳತೆಯ ಲೆಕ್ಕಕ್ಕೆ ಬರಬೇಕಾಗುತ್ತದೆ. ಒಂದು ಗುಂಟೆ ವಿಸ್ತಾರ, ಸರಾಸರಿ 1 ಮೀಟರ್ ಆಳವಿರುವ ಹೊಂಡದಲ್ಲಿ ಸುಮಾರು 1 ಲಕ್ಷ ಲೀಟರ್ ನೀರಿರುತ್ತದೆ. ಅದಕ್ಕೆ 200 ಗ್ರಾಂ ಪರ್ಮಾಂಗನೇಟ್ ಸಲ್ಲುತ್ತದೆ. ಆದರೆ ಸಗಣಿ, ಪಾಚಿ, ಮಿಕ್ಕ ತೌಡು, ಕೆಸರು ಇವೆಲ್ಲವೂ ಔಷಧವನ್ನು ಮೀನಿಗಿಂತ ಮೊದಲು ನುಂಗುತ್ತವೆ. ಇದನ್ನು ಪರೀಕ್ಷಿಸುವ ಬಗೆ ಸುಲಭ. 1 ಲೀಟರ್ ತಿಳಿನೀರಿನಲ್ಲಿ 1 ಗ್ರಾಂ ಕರಗಿಸಿಟ್ಟು, ಆ ದ್ರಾವಣದಿಂದ 20 ಮಿಲಿಲೀಟರನ್ನು 10 ಲೀಟರ್ ಹೊಂಡದ ನೀರಿಗೆ ಹಾಕಿದರೆ ಮೇಲಿನ ಪ್ರಮಾಣವೇ ಆಗುತ್ತದೆ. ಕಾಲು ಗಂಟೆಯೊಳಗೆ ನಸುಗೆಂಪು ಮಾಯವಾಗಿ ಚಹದ ಬಣ್ಣ ಬಂದರೆ, ಆ ಹೊಂಡಕ್ಕೆ ಔಷಧ ಸುರಿಯುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ. ಹಾಗೆಂದು ಮನಸ್ಸಿಗೆ ಬಂದಷ್ಟು ಹೆಚ್ಚಿಸಿದರೆ ಕಿವಿರು ಕೆಡುತ್ತದೆ. ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ, ಸಾಧ್ಯವಿದ್ದರೆ ಹೊಸ ನೀರು ಬಿಟ್ಟು, ಮೀನುಗಾರಿಕೆ ಅಧಿಕಾರಿಯನ್ನು ವಿಚಾರಿಸಿ ಮುಂದುವರಿಯತಕ್ಕದ್ದು. ಔಷಧ ಹಾಕುವುದು ಬಿಸಿಲೇರಿದ ಬೆಳಿಗ್ಗೆಯಾಗಿರಲಿ. ಪಾಚಿ ಸತ್ತು ಕೊಳೆತರೆ ನೀರಿನ ಪ್ರಾಣವಾಯು ಕಡಿಮೆಯಾಗುವುದರಿಂದ, ಆ ರಾತ್ರಿಯೂ ಮರುದಿನ ನಸುಕಿನಲ್ಲಿಯೂ ಒಬ್ಬ ಆಳು ದಡದಲ್ಲಿದ್ದು ನೋಡಿಕೊಳ್ಳಬೇಕು; ಮೀನುಗಳು ಮೇಲೆ ಬಂದು ಬಾಯಿಬಿಟ್ಟರೆ ಪಂಪಿನಿಂದ ನೀರನ್ನು ಎತ್ತಿ ಚಿಮ್ಮಿಸಬೇಕು.

ಸತ್ತ ಮೀನುಗಳನ್ನು ದಿನವೂ ಆರಿಸಿ, ಹೊಂಡದಿಂದ ದೂರದಲ್ಲಿ ಗುಂಡಿ ತೋಡಿ ಸುಣ್ಣದೊಡನೆ ಹೂಳತಕ್ಕದ್ದು. ಅಲ್ಲಿ ಬಳಸಿದ ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವವರೆಗೆ ನೆರೆಯವರ ಹೊಂಡಕ್ಕೆ ಎರವಲು ಕೊಡಕೂಡದು.